ಬಾಲಿಯ ಸುಬಕ್: ಮೆಟ್ಟಿಲು ಗದ್ದೆಗೆ ನೀರು ಹಾಯಿಸುವ ಕ್ರಮ

ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಬೆಟ್ಟದ ಇಳಿಜಾರಿನ ಭತ್ತದ ಗದ್ದೆಗಳಿಗೆ ನೀರು ಹಂಚುವ ಹೊಣೆಯನ್ನು ‘ಸುಬಕ್’ ಎಂಬ ರೈತರ ಕೂಟಗಳು ಹೊತ್ತಿವೆ. ಒಂದೇ ನೀರಿನ ಮೂಲವನ್ನು ನಂಬಿದ ಐವತ್ತರಿಂದ ನಾನೂರು ರೈತರು ಸೇರಿದರೆ ಒಂದು ಸುಬಕ್. ಅಂಥ ಸುಮಾರು 1,200 ಕೂಟಗಳು ದ್ವೀಪದಲ್ಲಿವೆ. ಹನ್ನೊಂದನೆಯ ಶತಮಾನದ ಶಾಸನಗಳಲ್ಲಿಯೇ ಉಲ್ಲೇಖಗೊಂಡಿರುವ ಈ ಏರ್ಪಾಡನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಬಕ್ ಎಂದರೆ ನೀರು ಹಂಚಿಕೊಳ್ಳುವ ಸಂಘ ಎಂದು ಹೇಳಿ ಮುಗಿಸುವುದು ರೂಢಿ. ಆದರೆ ಗದ್ದೆಗಳನ್ನು ಯಾವಾಗ ಒಟ್ಟಾಗಿ ಒಣಗಲು ಬಿಡಬೇಕು ಎಂಬ ತೀರ್ಮಾನಕ್ಕೂ ಅದರಲ್ಲಿ ನೀರಿನಷ್ಟೇ ಬೆಲೆಯಿದೆ.

ಮೊದಲ ಕೆಲಸ ನೀರನ್ನು ಗದ್ದೆಯ ಮಟ್ಟಕ್ಕೆ ತರುವುದು. ಬಾಲಿಯ ನದಿಗಳು ಮೆದುವಾದ ಜ್ವಾಲಾಮುಖಿ ಶಿಲೆಯನ್ನು ಕೊರೆದು ಆಳವಾದ ಕಣಿವೆಗಳಲ್ಲಿ ಹರಿಯುವುದರಿಂದ, ಗದ್ದೆಯ ಪಕ್ಕದಲ್ಲೇ ನದಿಯಿದ್ದರೂ ಅದರ ನೀರು ಕೈಗೆಟುಕುವುದಿಲ್ಲ. ಹೀಗಾಗಿ ನದಿಯ ಮೇಲ್ಭಾಗದಲ್ಲಿ, ಕೆಲವೊಮ್ಮೆ ಕಿಲೋಮೀಟರುಗಟ್ಟಲೆ ದೂರದಲ್ಲಿ, ಚಿಕ್ಕ ಅಣೆ ಕಟ್ಟಿ, ಅಲ್ಲಿಂದ ಗುಡ್ಡದ ಒಳಗೇ ಸುರಂಗ ಕೊರೆದು ನೀರನ್ನು ಹೊರಗೆ ತೆಗೆಯುತ್ತಾರೆ. ಗಾಳಿ ಬೆಳಕಿಗಾಗಿಯೂ ಅಗೆದ ಮಣ್ಣನ್ನು ಎತ್ತಿಹಾಕುವುದಕ್ಕಾಗಿಯೂ ನಡುನಡುವೆ ಬಾವಿಯಂಥ ಕಂಡಿಗಳನ್ನು ತೋಡುವುದುಂಟು. ಇದೊಂದು ಪ್ರತ್ಯೇಕ ಕಸುಬೇ ಆಗಿತ್ತು: ಕ್ರಿ.ಶ. 896ರ ಬೆಬೆತಿನ್ ಶಾಸನದಲ್ಲಿ ಸುರಂಗ ಕೊರೆಯುವ ಕುಶಲಕರ್ಮಿಗಳ ಪ್ರಸ್ತಾಪವಿದೆ. ಪಂಪು ಬೇಡ, ಇಳಿಜಾರು ಸರಿಯಾಗಿದ್ದರೆ ಸಾಕು. ಆದರೆ ಆ ಇಳಿಜಾರನ್ನು ಕತ್ತಲಲ್ಲಿ ಅಳೆದು ಹಿಡಿಯುವುದೇ ಕಷ್ಟದ ಕೆಲಸ.

ಸುರಂಗ ದಾಟಿ ಕಾಲುವೆಗೆ ಬಂದ ನೀರನ್ನು ಪಾಲು ಮಾಡುವ ಸಾಧನಕ್ಕೆ ‘ತೆಂಬುಕು’ ಎನ್ನುತ್ತಾರೆ. ನೋಡಲು ಅದು ಕಾಲುವೆಗೆ ಅಡ್ಡಲಾಗಿ ಮಲಗಿಸಿದ ಒಂದು ಮರದ ದಿಮ್ಮಿ. ದಿಮ್ಮಿಯ ಮೇಲ್ಮೈಯಲ್ಲಿ ನೀರು ಹಾಯುವ ಕಚ್ಚುಗಳನ್ನು ಕೆತ್ತಿರುತ್ತಾರೆ. ಎಲ್ಲ ಕಚ್ಚುಗಳ ತಳವೂ ಒಂದೇ ಮಟ್ಟದಲ್ಲಿರುತ್ತದೆ, ಅಗಲ ಮಾತ್ರ ಬೇರೆಬೇರೆ. ತಳ ಸಮವಾಗಿರುವುದರಿಂದ ಯಾವ ಕಚ್ಚಿನಲ್ಲಿಯೂ ನೀರಿನ ಆಳ ಒಂದೇ ಆಗಿದ್ದು, ಎರಡರಷ್ಟು ಅಗಲದ ಕಚ್ಚಿನಲ್ಲಿ ಹೆಚ್ಚುಕಡಿಮೆ ಎರಡರಷ್ಟು ನೀರು ಹರಿಯುತ್ತದೆ. ಮಳೆಗಾಲದಲ್ಲಿ ಕಾಲುವೆ ತುಂಬಿದರೂ ಬೇಸಗೆಯಲ್ಲಿ ಬತ್ತಿದರೂ ಪಾಲಿನ ಪ್ರಮಾಣ ಬದಲಾಗುವುದಿಲ್ಲ. ಕೊರತೆ ಬಂದರೆ ಎಲ್ಲರಿಗೂ ಅದೇ ಲೆಕ್ಕದಲ್ಲಿ ಬರುತ್ತದೆ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಬಗ್ಗಿ ನೋಡಿ ಪಾಲು ಸರಿಯಿದೆಯೇ ಎಂದು ತಿಳಿಯಬಹುದಾದ್ದರಿಂದ ಕಳ್ಳತನ ಮುಚ್ಚಿಡುವುದು ಸುಲಭವಲ್ಲ. ಕಚ್ಚಿನ ಅಗಲದ ಮಾನಕ್ಕೆ ‘ತೆಕ್‌ತೆಕ್’ ಎಂದು ಹೆಸರು. ಅದರ ಅಳತೆ ಎಲ್ಲ ಸುಬಕ್‌ಗಳಲ್ಲಿ ಒಂದೇ ಅಲ್ಲ. ಯಾರು ಎಷ್ಟು ನೀರು ಪಡೆಯುತ್ತಾರೋ ಅದಕ್ಕೆ ತಕ್ಕಂತೆ ಕಾಲುವೆಯ ಹೂಳೆತ್ತುವ ಆಳು, ದುರಸ್ತಿಯ ಹಣ ಮತ್ತು ಪೂಜೆಯ ವಂತಿಗೆಯನ್ನೂ ಕೊಡಬೇಕು.

ಈ ಕೂಟದ ಮುಖ್ಯಸ್ಥನನ್ನು ‘ಪೆಕಾಸೆ’ ಎಂದು ಕರೆಯುತ್ತಾರೆ. ನಮ್ಮ ಕೆರೆಯೂರುಗಳ ನೀರುಗಂಟಿಯನ್ನು ಬಲ್ಲವರಿಗೆ ಅವನ ಓಡಾಟ ಅಪರಿಚಿತವೆನಿಸದು. ಆದರೆ ಅವನು ಸದಸ್ಯರೇ ಆರಿಸಿದವನು. ‘ಅವಿಗ್-ಅವಿಗ್’ ಎಂಬ ನಿಯಮಾವಳಿ, ಅದರಲ್ಲಿ ದಂಡದ ವಿವರ, ಎಲ್ಲವೂ ಇವೆ. ಅನೇಕ ಸುಬಕ್‌ಗಳು ಬಾಲಿ ಪಂಚಾಂಗದ ಒಂದು ತಿಂಗಳಿಗೆ, ಎಂದರೆ 35 ದಿನಗಳಿಗೊಮ್ಮೆ, ಸಭೆ ಸೇರುತ್ತವೆ. ಒಡೆಯನಾಗಿರಲಿ ಗೇಣಿದಾರನಾಗಿರಲಿ, ಹಿಡುವಳಿ ದೊಡ್ಡದಿರಲಿ ಚಿಕ್ಕದಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಜಾತಿಯ ಮೇಲುಕೀಳಿಗೆ ತಕ್ಕಂತೆ ಮಾತಿನ ಮರ್ಯಾದೆ ಬದಲಾಗುವ ಆ ನಾಡಿನಲ್ಲಿ, ಸುಬಕ್ ಸಭೆಯೊಳಗೆ ಮಾತ್ರ ಎಲ್ಲರೂ ಎಲ್ಲರೊಡನೆ ಗೌರವದ ಭಾಷೆಯಲ್ಲೇ ಮಾತನಾಡಬೇಕೆಂಬ ರೂಢಿ ಇರುವುದು ಗಮನಾರ್ಹ.

ಸಭೆಯಲ್ಲಿ ತೀರ್ಮಾನವಾಗುವ ಅತಿ ಮುಖ್ಯ ಸಂಗತಿಯೆಂದರೆ ನಾಟಿಯ ದಿನ. ಇದನ್ನು ಒಂದು ಸುಬಕ್ ತಾನೊಂದೇ ನಿರ್ಧರಿಸಲಾಗದು. ನೆರೆಹೊರೆಯ ಹಲವು ಸುಬಕ್‌ಗಳು ‘ಪುರ ಮಸ್ಚೇತಿ’ ಎಂಬ ನೀರಿನ ದೇಗುಲದಲ್ಲಿ ಕೂಡಿ, ಯಾರು ಮೊದಲು, ಯಾರು ಎರಡು ವಾರ ತಡವಾಗಿ ಎಂದು ಗೊತ್ತುಮಾಡಿಕೊಳ್ಳುತ್ತವೆ. ಎಲ್ಲರೂ ಒಂದೇ ದಿನ ಕೆಸರು ಮಾಡಲು ಹೊರಟರೆ ನದಿಯ ನೀರು ಸಾಲದು. ಅವರವರಿಗೆ ತೋಚಿದ ದಿನ ನೆಟ್ಟರೆ ಊರಿನಲ್ಲಿ ಸದಾ ಎಲ್ಲೋ ಒಂದು ಕಡೆ ಎಳೆ ಪೈರು ಇದ್ದೇ ಇರುತ್ತದೆ. ಕಂದು ಜಿಗಿಹುಳುಗಳೂ ಇಲಿಗಳೂ ಒಂದು ಗದ್ದೆ ಮುಗಿಸಿ ಇನ್ನೊಂದಕ್ಕೆ ದಾಟುತ್ತ ಹೋಗುತ್ತವೆ. ಆದ್ದರಿಂದ ಒಂದು ದೇಗುಲದ ವ್ಯಾಪ್ತಿಯ ಗದ್ದೆಗಳೆಲ್ಲ ಒಟ್ಟಿಗೆ ಕೊಯ್ಲಾಗಿ ಒಟ್ಟಿಗೆ ಬರಿದಾಗಬೇಕು, ಪಕ್ಕದ ದೇಗುಲದವರು ಕೆಲವು ವಾರ ಹಿಂದೆಮುಂದೆ ಇರಬೇಕು. ಕೆಳಗದ್ದೆಯವನಿಗೆ ನೀರಿನ ಭಯ, ಮೇಲ್ಗದ್ದೆಯವನಿಗೆ ಹುಳುವಿನ ಭಯ: ನೀರು ಸಿಗದೆ ಕೆಳಗಿನವನ ನಾಟಿಯ ದಿನ ತಪ್ಪಿದರೆ ಅಲ್ಲಿನ ಹುಳು ಮೇಲಕ್ಕೂ ದಾಟುತ್ತದೆ. ಮೇಲಿನವನು ನೀರು ಬಿಟ್ಟುಕೊಡಲು ಒಪ್ಪುವುದಕ್ಕೆ ದೊಡ್ಡ ಕಾರಣ ಇದೇ ಎಂಬುದು ನನ್ನ ಎಣಿಕೆ.

ದಿನ ಗೊತ್ತಾದ ಮೇಲಿನ ಕೆಲಸಗಳು ಭತ್ತ ಬೆಳೆಯುವವರಿಗೆಲ್ಲ ತಿಳಿದವೇ: ನೀರನ್ನು ಸ್ವಾಗತಿಸುವ ಪೂಜೆ, ಸಸಿಮಡಿ, ಉಳುಮೆ, ನಾಟಿ, ಕಳೆ. ಪೈರು ಹೊಡೆ ತುಂಬುವಾಗ ಅದನ್ನು ಬಸುರಿಯೆಂದು ಭಾವಿಸಿ ಭತ್ತದ ದೇವತೆಯಾದ ದೇವಿ ಶ್ರೀಗೆ ನೈವೇದ್ಯ ಅರ್ಪಿಸುತ್ತಾರೆ. ಕೊಯ್ಲಿನ ಬಳಿಕ ಬಾತುಕೋಳಿಗಳನ್ನು ಗದ್ದೆಗೆ ಬಿಡುವುದೂ ವಾಡಿಕೆ. ಉದುರಿದ ಕಾಳನ್ನೂ ಹುಳುಗಳನ್ನೂ ಅವು ಆರಿಸಿ ತಿನ್ನುತ್ತವೆ. ಆಮೇಲೆ ಗದ್ದೆ ಕೆಲವು ವಾರ ಖಾಲಿ ಉಳಿಯಬೇಕು.

ಈ ಖಾಲಿ ವಾರಗಳ ಬೆಲೆ ಗೊತ್ತಾದದ್ದು ಅವು ತಪ್ಪಿದಾಗ. 1970ರ ದಶಕದಲ್ಲಿ, ಹಸಿರು ಕ್ರಾಂತಿಯ ಉತ್ಸಾಹದಲ್ಲಿ, ಬೇಗ ಬಲಿಯುವ ಹೊಸ ತಳಿಗಳನ್ನು ಸಾಧ್ಯವಾದಷ್ಟು ಸಲ ಬೆಳೆಯಿರಿ, ದೇಗುಲದ ವೇಳಾಪಟ್ಟಿಯ ಗೊಡವೆ ಬೇಡ ಎಂದು ರೈತರಿಗೆ ಹೇಳಲಾಯಿತು. ಮೊದಮೊದಲು ಇಳುವರಿ ಏರಿತು. ಬಳಿಕ ಜಿಗಿಹುಳು ಬಂತು, ಅದನ್ನು ತಡೆಯುವ ತಳಿ ತಂದರೆ ಟುಂಗ್ರೊ ಎಂಬ ಭತ್ತದ ವೈರಸ್ ರೋಗ ಹಬ್ಬಿತು. 1979ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಆರಂಭವಾದ ನೀರಾವರಿ ಯೋಜನೆಯಲ್ಲಿ ಹಳೆಯ ದಿಮ್ಮಿಗಳ ಜಾಗಕ್ಕೆ ಎತ್ತಿ ಇಳಿಸುವ ಲೋಹದ ಬಾಗಿಲುಗಳು ಬಂದವು. ಬಾಗಿಲನ್ನು ತಿರುಗಿಸಿ ಪಾಲು ಬದಲಿಸಬಹುದಾದ್ದರಿಂದ ಅನೇಕ ಕಡೆ ರೈತರೇ ಅವನ್ನು ಕಿತ್ತುಹಾಕಿದರು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಓಸ್ ಮತ್ತು ಪೆತಾನು ನದಿಗಳ 172 ಸುಬಕ್‌ಗಳನ್ನು ಕಂಪ್ಯೂಟರಿನಲ್ಲಿ ಮಾದರಿಯಾಗಿಸಿ, ಪ್ರತಿ ಸುಬಕ್ ತನ್ನ ನೆರೆಯವರಲ್ಲಿ ಹೆಚ್ಚು ಇಳುವರಿ ಪಡೆದವರನ್ನು ಅನುಸರಿಸುವಂತೆ ಬಿಟ್ಟು ನೋಡಿದರು. ಕೆಲವೇ ವರ್ಷಗಳ ಲೆಕ್ಕದಲ್ಲಿ ಮೂಡಿದ ಹೊಂದಾಣಿಕೆಯ ನಕ್ಷೆ ದೇಗುಲಗಳ ವ್ಯಾಪ್ತಿಯನ್ನು ಬಹಳ ಮಟ್ಟಿಗೆ ಹೋಲುತ್ತಿತ್ತು.

ಇಂದಿನ ತೊಡಕು ಬೇರೆ ಬಗೆಯದು. ಇಳಿಜಾರಿನ ನಡುವಿನ ಒಂದು ಗದ್ದೆ ವಿಲ್ಲಾ ಕಟ್ಟಲು ಮಾರಾಟವಾದರೆ ಅದರೊಳಗೆ ಹಾದುಹೋಗುವ ಕಿರುಗಾಲುವೆಯೂ ಮುಚ್ಚಿಹೋಗಬಹುದು; ಆಗ ಕೆಳಗಿನ ಗದ್ದೆಗಳಿಗೆ ಹೊಸ ದಾರಿ ಹುಡುಕಬೇಕು. ಹೂಳೆತ್ತುವ ಆಳಿನ ಲೆಕ್ಕದಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಮಾರಿದವನ ಹೊರೆ ಉಳಿದವರ ಮೇಲೆ ಬೀಳುತ್ತದೆ. ಜಮೀನಿನ ಬೆಲೆಯೂ ತೆರಿಗೆಯೂ ಏರಿದಂತೆ ಮುಂದಿನ ಗದ್ದೆಯವನಿಗೂ ಮಾರುವುದೇ ಲಾಭದಾಯಕವೆನಿಸತೊಡಗುತ್ತದೆ.