ಒಸಡಿನ ಅಂಚನ್ನು ಉಜ್ಜುವುದು ಹೇಗೆ?

ಹಲ್ಲುಜ್ಜುವಾಗ ರಕ್ತ ಕಂಡ ಕೂಡಲೇ ಆ ಜಾಗವನ್ನಷ್ಟೇ ಬಿಟ್ಟು ಉಳಿದದ್ದನ್ನು ಉಜ್ಜುವವರನ್ನು ನಾನು ಬಹಳ ಕಂಡಿದ್ದೇನೆ. ಆ ರಕ್ತ ಸಾಮಾನ್ಯವಾಗಿ ಒಸಡು ಊದಿರುವುದರ ಗುರುತು. ಹೀಗೆ ಊದಿದ ಒಸಡಿನ ಸಂದಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಲಾಲಾರಸದೊಂದಿಗೆ ದಿನವಿಡೀ ಜಠರಕ್ಕೆ ಇಳಿಯುತ್ತಿರುತ್ತವೆ. ಬಹುಪಾಲು ಅಲ್ಲಿನ ಆಮ್ಲದಲ್ಲಿ ಸಾಯುತ್ತವಾದರೂ, ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ ದೀರ್ಘಕಾಲದ ಸೋಂಕಿನಿಂದ ಜಠರದ ಒಳಪದರ ಸವೆದು ಆಮ್ಲ ಕಡಿಮೆಯಾದವರಲ್ಲಿ ಕೆಲವು ಬದುಕಿ ಉಳಿಯಬಲ್ಲವು. ಅಮೆರಿಕದ ಸುಮಾರು 1.5 ಲಕ್ಷ ಆರೋಗ್ಯ ವೃತ್ತಿಯವರನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಿ 2020ರಲ್ಲಿ ಹಾರ್ವರ್ಡ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಒಸಡು ರೋಗ ಇದ್ದವರಿಗೆ ಜಠರದ ಕ್ಯಾನ್ಸರ್ ಅಪಾಯ ಶೇ 52ರಷ್ಟು ಹೆಚ್ಚಿತ್ತು. ಇದು ನಂಟು ಮಾತ್ರ. ಒಸಡು ರೋಗವೇ ಕಾರಣವೆಂದು ರುಜುವಾತಾಗಿಲ್ಲ. ಆದರೆ ಬಾಯಲ್ಲಿರುವ ಸ್ಟ್ರೆಪ್ಟೊಕಾಕಸ್ ಆಂಜಿನೋಸಸ್ ಎಂಬ ಬ್ಯಾಕ್ಟೀರಿಯಾ ಇಲಿಗಳ ಜಠರದಲ್ಲಿ ಉರಿಯೂತಕ್ಕೂ ಗೆಡ್ಡೆಗೂ ಇಂಬು ಕೊಡುವುದನ್ನು 2024ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ತೋರಿಸಿದ್ದಾರೆ.

ಮೊದಲಿಗೆ ಮೃದು ಎಳೆಗಳ ಬ್ರಷ್ ಮತ್ತು ಬಟಾಣಿ ಗಾತ್ರದ ಫ್ಲೋರೈಡ್ ಪೇಸ್ಟ್ ಸಾಕು.

ಎಲ್ಲರೂ ಎಡವುವುದು ಎರಡನೆಯ ಹಂತದಲ್ಲಿ. ಬ್ರಷ್ಷನ್ನು ಹಲ್ಲಿಗೆ ನೇರವಾಗಿ ಒತ್ತದೆ, ಒಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ, ಎಳೆಗಳ ತುದಿ ಹಲ್ಲು ಮತ್ತು ಒಸಡು ಕೂಡುವ ಗೆರೆಯೊಳಗೆ ತುಸು ಇಳಿಯುವಂತೆ ಇಡಬೇಕು. ಜಾಗ ಬದಲಿಸದೆ ಹತ್ತು ಹದಿನೈದು ಸಲ ಮೆಲ್ಲಗೆ ನಡುಗಿಸಿ, ಬಳಿಕ ಹಲ್ಲಿನ ತುದಿಯತ್ತ ಗುಡಿಸಬೇಕು. ಒಸಡು ಬಿಳಚಿಕೊಂಡರೆ ಒತ್ತಡ ಹೆಚ್ಚಾಯಿತೆಂದು ತಿಳಿಯಿರಿ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಲಾಲಾರಸದ ನಾಳಗಳು ತೆರೆಯುವುದರಿಂದ ಪಾಚಿ (ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಪದರ) ಬೇಗ ಕಲ್ಲಾಗುತ್ತದೆ. ಅಲ್ಲಿ ಬ್ರಷ್ಷನ್ನು ಲಂಬವಾಗಿ ಹಿಡಿಯಬೇಕು. ರಕ್ತ ಬರುವ ಜಾಗವನ್ನು ಬಿಡಲೇಬಾರದು. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ.

ಇದ್ದಿಲು ಪುಡಿ ಹಲ್ಲಿನ ಹೊಳಪನ್ನು ಕೆರೆಯುತ್ತದೆ. ತಂಬಾಕು ಬೆರೆತ ಹಲ್ಲುಪುಡಿಯನ್ನಂತೂ ಮನೆಯೊಳಗೇ ತರಬೇಡಿ. ಮೌತ್‌ವಾಶ್ ಮುಕ್ಕಳಿಸಿ ಕೆಲಸ ಮುಗಿಸುವುದು ಸೋಮಾರಿಗಳ ದಾರಿ, ಅಂಟಿದ ಪಾಚಿ ಅದಕ್ಕೆ ಜಗ್ಗುವುದಿಲ್ಲ.

ರಾತ್ರಿ ಒಮ್ಮೆ ಹಲ್ಲಿನ ಸಂದಿಗಳಿಗೆ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಬಳಸಿ.

ಕಲ್ಲಾದ ಪಾಚಿಯನ್ನು ಕ್ಲಿನಿಕ್ಕಿನಲ್ಲೇ ತೆಗೆಸಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲುಗಾಡುತ್ತದೆ ಎಂಬ ಮಾತು ತಪ್ಪು: ಮೂಳೆ ಕರಗಿ ಮೊದಲೇ ಸಡಿಲವಾದ ಹಲ್ಲನ್ನು ಕಲ್ಲು ಹಿಡಿದಿಟ್ಟಿರುತ್ತದೆ, ಅಷ್ಟೆ.

ಇಷ್ಟೆಲ್ಲ ಮಾಡಿದರೂ ಪೈಲೊರಿ ಸೋಂಕು ಬ್ರಷ್ಷಿಗೆ ಹೋಗುವುದಿಲ್ಲ, ಅದಕ್ಕೆ ಔಷಧವೇ ಬೇಕು. ವಾರಗಟ್ಟಲೆ ಅಜೀರ್ಣ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಕೆ ಕಂಡುಬಂದರೆ ಆಮ್ಲ ತಗ್ಗಿಸುವ ಮಾತ್ರೆಯನ್ನು ತಾವಾಗಿಯೇ ನುಂಗುತ್ತ ಕೂರದೆ ವೈದ್ಯರನ್ನು ಕಂಡು, ಎಂಡೋಸ್ಕೋಪಿ (ಕ್ಯಾಮೆರಾ ಕೊಳವೆ ಇಳಿಸಿ ಜಠರವನ್ನು ನೋಡುವ ಪರೀಕ್ಷೆ) ಬೇಕೇ ಎಂದು ಕೇಳಿ.