ಒಳಾಂಗಣ ಸೊಪ್ಪಿನ ತೋಟಕ್ಕೆ ಎಸಿ ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಬೆಂಗಳೂರಿನ ಹೊರವಲಯದಲ್ಲಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದು, ಅದರೊಳಗೆ ರ‍್ಯಾಕುಗಳನ್ನು ಅಂತಸ್ತು ಅಂತಸ್ತಾಗಿ ನಿಲ್ಲಿಸಿ, ಎಲ್‌ಇಡಿ ಬೆಳಕಿನಲ್ಲಿ ಲೆಟ್ಯೂಸ್, ಬೇಸಿಲ್‌ನಂಥ ಸೊಪ್ಪುಗಳನ್ನು ಬೆಳೆಯಲು ಹೊರಟವರು ಎಸಿ ಡೀಲರನ್ನು ಕರೆಸಿದರೆ, ಅವರು ಮೊದಲು ಕೇಳುವುದು ಕೋಣೆ ಎಷ್ಟು ಚದರ ಅಡಿ ಇದೆ ಎಂದು. ಮನೆಗೋ ಕಚೇರಿಗೋ ಆ ಪ್ರಶ್ನೆ ಸಾಕು. ಇಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಕೋಣೆಯಲ್ಲಿ ನಾಲ್ಕು ಅಂತಸ್ತಿನ ಬದಲು ಎಂಟು ಅಂತಸ್ತಿನ ರ‍್ಯಾಕ್ ಇಟ್ಟರೆ ಚದರ ಅಡಿ ಬದಲಾಗದೆ ಶಾಖ ಮಾತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಡೀಲರ್ ಬರುವ ಮುಂಚೆಯೇ ನಿಮ್ಮ ಕೈಯಲ್ಲಿ ಎರಡು ಸಂಖ್ಯೆಗಳಿರಬೇಕು: ಒಟ್ಟು ದೀಪಗಳ ಕಿಲೋವ್ಯಾಟ್, ಮತ್ತು ಗಿಡಗಳು ದಿನವೊಂದಕ್ಕೆ ಕುಡಿಯುವ ನೀರಿನ ಲೀಟರ್.

ಮೊದಲನೆಯದು ಸುಲಭ. ದೀಪಕ್ಕೆ ಹೋದ ವಿದ್ಯುತ್ತೆಲ್ಲ ಕೊನೆಗೆ ಕೋಣೆಯೊಳಗಿನ ಶಾಖವೇ ಆಗುತ್ತದೆ. ಎಲ್‌ಇಡಿ ತಂಪು ದೀಪ ಎಂಬ ಮಾತನ್ನು ಇಲ್ಲಿ ಮರೆಯಬೇಕು, ಏಕೆಂದರೆ ದ್ಯುತಿಸಂಶ್ಲೇಷಣೆಯ ಮೂಲಕ ಗಿಡ ಹಿಡಿದಿಟ್ಟುಕೊಳ್ಳುವ ಶಕ್ತಿ ಲೆಕ್ಕಕ್ಕೆ ಸಿಗದಷ್ಟು ಅಲ್ಪ. 100 ಕಿಲೋವ್ಯಾಟ್ ದೀಪ, 10 ಕಿಲೋವ್ಯಾಟ್ ಫ್ಯಾನ್ ಮತ್ತು ಪಂಪುಗಳಿರುವ ಕೋಣೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗೋಡೆ, ಚಾವಣಿಗಳಿಗೆ ಶಾಖ ತಡೆಯುವ ಒಳ್ಳೆಯ ಪಫ್ (ಫೋಮ್ ತುಂಬಿದ) ಪ್ಯಾನೆಲ್ ಹಾಕಿದ್ದರೆ ಹೊರಗಿನಿಂದ ನುಗ್ಗುವ ಶಾಖ ಎರಡು ಮೂರು ಕಿಲೋವ್ಯಾಟಿಗಿಂತ ಹೆಚ್ಚಿರುವುದಿಲ್ಲ. ಒಟ್ಟು 112 ಕಿಲೋವ್ಯಾಟ್ ಎನ್ನೋಣ. ಎಸಿಯ ಒಂದು ಟನ್ ಎಂದರೆ 3.517 ಕಿಲೋವ್ಯಾಟ್ ಆದ್ದರಿಂದ ಇದು ಸುಮಾರು 32 ಟನ್. ದೀಪಗಳಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಡ್ರೈವರುಗಳನ್ನು ಕೋಣೆಯ ಹೊರಗೆ ಅಳವಡಿಸಲು ಸಾಧ್ಯವಿದ್ದರೆ ಅವುಗಳ ಶಾಖ ಹೊರಗೇ ಉಳಿಯುತ್ತದೆ.

ಎರಡನೆಯ ಸಂಖ್ಯೆಯಲ್ಲೇ ಬಹಳ ಮಂದಿ ಎಡವುತ್ತಾರೆ. ಗಿಡ ಹೀರಿದ ನೀರಿನಲ್ಲಿ ಬಹುಪಾಲು ಎಲೆಗಳ ಮೂಲಕ ಆವಿಯಾಗಿ ಕೋಣೆಯ ಗಾಳಿಗೆ ಸೇರುತ್ತದೆ, ಆ ಆವಿಯನ್ನು ಎಸಿಯ ಕಾಯಿಲ್ (ತಣ್ಣಗಿನ ಕೊಳವೆಸುರುಳಿ) ಮತ್ತೆ ನೀರಾಗಿಸಿ ಹೊರಹಾಕಬೇಕು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಕ್ತಿ ಬೇಕು. ನಮ್ಮ ಉದಾಹರಣೆಯ ಕೋಣೆಯಲ್ಲಿ ದೀಪ ಉರಿಯುವ 16 ಗಂಟೆಗಳಲ್ಲಿ 1,000 ಲೀಟರ್ ಆವಿಯಾಗುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 62 ಲೀಟರಿನಂತೆ 42 ಕಿಲೋವ್ಯಾಟ್ ಶಾಖ ಗುಪ್ತೋಷ್ಣವಾಗಿ, ಅಂದರೆ ಉಷ್ಣಾಂಶ ಏರಿಸದೆ ಆವಿಯೊಳಗೆ ಸೇರಿ, ಗಾಳಿಯಲ್ಲಿ ಅಡಗುತ್ತದೆ. ಇದನ್ನು 112ಕ್ಕೆ ಕೂಡಿಸಬಾರದು. ದೀಪದ ಶಾಖವೇ ರೂಪ ಬದಲಿಸಿ ಆವಿಯಾಗಿದೆ, ಹೊಸ ಶಾಖವೇನೂ ಹುಟ್ಟಿಲ್ಲ. ಕೂಡಿಸಿದವರು ಅನಗತ್ಯವಾಗಿ ದೊಡ್ಡ ಯಂತ್ರ ಕೊಳ್ಳುತ್ತಾರೆ, ದೊಡ್ಡ ಯಂತ್ರ ಬೇಗ ತಣಿಸಿ ಬೇಗ ನಿಂತು ತೇವವನ್ನು ಹಾಗೆಯೇ ಬಿಡುತ್ತದೆ. ಹಾಗಾಗಿ ಡೀಲರಿಗೆ ಹೇಳಬೇಕಾದದ್ದು 32 ಟನ್ ಎಂಬುದಷ್ಟೇ ಅಲ್ಲ, ಅದರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೇವ ತೆಗೆಯುವ ಕೆಲಸ ಎಂಬುದೂ ಹೌದು.

ಕ್ಯಾಟಲಾಗಿನಲ್ಲಿ ಅಚ್ಚಾಗಿರುವ ಸಾಮರ್ಥ್ಯವನ್ನು ಹಾಗೆಯೇ ನಂಬುವಂತಿಲ್ಲ. ಸಾಮಾನ್ಯವಾಗಿ ಅದು ಕೋಣೆಯೊಳಗೆ 27 ಡಿಗ್ರಿ, ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶ) 19 ಡಿಗ್ರಿ, ಹೊರಗೆ 35 ಡಿಗ್ರಿ ಇರುವಾಗಿನ ಅಳತೆ. ಲೆಟ್ಯೂಸ್ ಕೋಣೆಯನ್ನು ನೀವು 22 ಡಿಗ್ರಿಯ ಆಸುಪಾಸಿನಲ್ಲಿ, 65ರಿಂದ 70 ಶೇಕಡಾ ತೇವದಲ್ಲಿ ಇಡುತ್ತೀರಿ. ಒಳಗಿನ ಗಾಳಿ ತಂಪಾದಷ್ಟೂ ಯಂತ್ರದ ಸಾಮರ್ಥ್ಯ ಇಳಿಯುತ್ತದೆ. ಹೊರಗೆ ಕಲಬುರಗಿಯ ಮೇ ತಿಂಗಳ ಬಿಸಿಲಿದ್ದರೆ ಇನ್ನಷ್ಟು ಇಳಿಯುತ್ತದೆ. ಬೆಂಗಳೂರಿನ ಹವೆ ಹಿತವಾದರೂ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಗಾಳಿಯ ಸಾಂದ್ರತೆ ಹತ್ತು ಶೇಕಡಾದಷ್ಟು ಕಡಿಮೆ; ಅಷ್ಟೇ ಶಾಖ ಹೊರಲು ಫ್ಯಾನು ಅಷ್ಟು ಹೆಚ್ಚು ಗಾಳಿಯನ್ನು ದೂಡಬೇಕು. ಮಂಗಳೂರಿನ ಕಡೆಯವರು ಉಪ್ಪುಗಾಳಿಗೆ ತಡೆಯುವ ಲೇಪನವಿರುವ ಔಟ್‌ಡೋರ್ ಕಾಯಿಲನ್ನೇ ಕೇಳಬೇಕು. ಒಟ್ಟಿನಲ್ಲಿ ನಿಮ್ಮ ಕೋಣೆಯ ಹಾಗೂ ನಿಮ್ಮ ಊರಿನ ಉಷ್ಣಾಂಶಕ್ಕೆ ಒಟ್ಟು ಸಾಮರ್ಥ್ಯ ಎಷ್ಟು, ಅದರಲ್ಲಿ ಗಾಳಿಯನ್ನು ತಣಿಸುವ ಪಾಲೆಷ್ಟು ಎಂಬ ಕೋಷ್ಟಕವನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊಡಲು ಹಿಂಜರಿಯುವ ಡೀಲರನ್ನು ನಾನಾದರೆ ಅಲ್ಲಿಗೇ ಕೈಬಿಡುತ್ತೇನೆ.

ಈಗ ದೀಪ ಆರಿಸಿದ ಮೇಲಿನ ಎಂಟು ಗಂಟೆಗಳನ್ನು ನೋಡಿ. ಶಾಖ 112ರಿಂದ ಹತ್ತು ಹನ್ನೆರಡು ಕಿಲೋವ್ಯಾಟಿಗೆ ಕುಸಿಯುತ್ತದೆ. ಕತ್ತಲಲ್ಲೂ ಎಲೆಗಳು, ಒದ್ದೆ ತಟ್ಟೆಗಳು ಸ್ವಲ್ಪ ಸ್ವಲ್ಪ ಆವಿ ಬಿಡುತ್ತಲೇ ಇರುತ್ತವೆ. ಕೋಣೆ ತಣ್ಣಗಿದೆಯೆಂದು ಥರ್ಮೋಸ್ಟಾಟ್ ಕಂಪ್ರೆಸರನ್ನು ನಿಲ್ಲಿಸುತ್ತದೆ, ತೇವ ಏರುತ್ತದೆ, ಬೆಳಗ್ಗೆ ಬಾಗಿಲು ತೆರೆದರೆ ಪ್ಯಾನೆಲ್ಲಿನ ಒಳಮೈ ಬೆವರಿರುತ್ತದೆ, ಎಲೆಯಂಚಿನಲ್ಲಿ ಹನಿ ನಿಂತಿರುತ್ತದೆ. ಬೂದುರೋಗ, ಕೊಳೆರೋಗಗಳಿಗೆ ಇಷ್ಟು ಸಾಕು. ಇದಕ್ಕೆ ಪರಿಹಾರವಾಗಿ ಗಾಳಿಯ ತೇವ ತೆಗೆಯುವ ಪ್ರತ್ಯೇಕ ಡಿಹ್ಯುಮಿಡಿಫೈಯರ್ ಇಡಬಹುದು, ಇಲ್ಲವೇ ತಣಿಸಿದ ಗಾಳಿಯನ್ನು ಕಂಪ್ರೆಸರಿನ ಬಿಸಿ ಅನಿಲದಿಂದಲೇ ತುಸು ಬಿಸಿಮಾಡಿ ಬಿಡುವ ರೀಹೀಟ್ ಏರ್ಪಾಡಿರುವ ಯಂತ್ರ ಕೊಳ್ಳಬಹುದು. ಡಿಹ್ಯುಮಿಡಿಫೈಯರ್ ಕೋಣೆಯೊಳಗೆ ಕುಳಿತು ತನ್ನ ಶಾಖವನ್ನೆಲ್ಲ ಅಲ್ಲಿಯೇ ಬಿಡುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಇವೆರಡಕ್ಕಿಂತ ಅಗ್ಗದ ದಾರಿಯೊಂದಿದೆ, ಅದು ಎಸಿ ಅಂಗಡಿಯಲ್ಲಿ ಸಿಗುವುದಿಲ್ಲ. ರ‍್ಯಾಕುಗಳನ್ನು ಮೂರು ಗುಂಪು ಮಾಡಿ, ಪ್ರತಿ ಗುಂಪಿನ ಎಂಟು ಗಂಟೆಯ ಕತ್ತಲು ಬೇರೆ ಬೇರೆ ಹೊತ್ತಿಗೆ ಬರುವಂತೆ ಟೈಮರ್ ಇಟ್ಟರೆ, ದಿನದ ಯಾವ ಹೊತ್ತಿನಲ್ಲೂ ಎರಡು ಗುಂಪು ಮಾತ್ರ ಉರಿಯುತ್ತಿರುತ್ತವೆ. ಗರಿಷ್ಠ ಶಾಖ 79 ಕಿಲೋವ್ಯಾಟಿಗೆ, ಅಂದರೆ ಸುಮಾರು 22.5 ಟನ್ನಿಗೆ ಇಳಿಯುತ್ತದೆ. ಅಷ್ಟೇ ಅಲ್ಲದೆ ಹೊರೆ ಹಗಲು ರಾತ್ರಿ ಒಂದೇ ಸಮನಾಗಿರುವುದರಿಂದ ಕತ್ತಲ ಹೊತ್ತಿನ ತೇವದ ಕಾಟವೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ರಾತ್ರಿಯ ವಿದ್ಯುತ್ ನಿಮಗೆ ಅಗ್ಗವಾಗಿ ಸಿಗುತ್ತಿದ್ದರೆ ಮಾತ್ರ ಈ ಕ್ರಮವನ್ನು ಆ ಉಳಿತಾಯದೊಡನೆ ತೂಗಿ ನೋಡಬೇಕು.

ಯಂತ್ರದ ಬಗೆಯ ವಿಚಾರಕ್ಕೆ ಬಂದರೆ, ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಎಸಿಗಳ ಸಾಲು ಕೊಳ್ಳುವಾಗ ಅಗ್ಗ, ನಡೆಸುವಾಗ ದುಬಾರಿ. ಅವು ಈ ತೇವಕ್ಕೆಂದು ಮಾಡಿದವಲ್ಲ. ಅವುಗಳ ಮೇಲಿನ ಸ್ಟಾರ್ ಗುರುತು ವರ್ಷಕ್ಕೆ 1,600 ಗಂಟೆಗಳ ಬಳಕೆಯ ಲೆಕ್ಕದ್ದು, ನಿಮ್ಮ ಕೋಣೆಯಲ್ಲಿ ಯಂತ್ರ 8,760 ಗಂಟೆಯೂ ಸಿದ್ಧವಿರಬೇಕು. ಇಪ್ಪತ್ತು ಮೂವತ್ತು ಟನ್ನಿನ ಮಟ್ಟಕ್ಕೆ ಹೊರೆಗೆ ತಕ್ಕಂತೆ ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರಿನ, ಗಾಳಿಯನ್ನು ಕೊಳವೆಗಳಲ್ಲಿ (ಡಕ್ಟ್) ಹಂಚುವ ಡಕ್ಟಬಲ್ ಯಂತ್ರಗಳು ಹೊಂದುತ್ತವೆ. ಹಲವು ಕೋಣೆಗಳಿದ್ದು ನೂರು ಟನ್ನಿನತ್ತ ಹೋಗುವವರು ನೀರನ್ನು ತಣಿಸಿ ಕೋಣೆಗಳಿಗೆ ಕಳಿಸುವ ಚಿಲ್ಲರ್ ಹಾಕಿಸುವುದೇ ಸರಿ. ತನ್ನ ಶಾಖವನ್ನು ನೀರಿನ ಮೂಲಕ ಹೊರಬಿಡುವ ಚಿಲ್ಲರಿಗೆ ವಿದ್ಯುತ್ ಕಡಿಮೆ ಸಾಕು, ಆದರೆ ಆ ನೀರನ್ನು ತಣಿಸುವ ಕೂಲಿಂಗ್ ಟವರಿಗೆ ಬೇಕಾಗುವ ನೀರನ್ನು ಬೇಸಿಗೆಯಲ್ಲಿ ಟ್ಯಾಂಕರಿನಿಂದ ತರಿಸಬೇಕಾದ ಕಡೆ ಗಾಳಿಯಿಂದ ತಣಿಸುವುದೇ ಮೇಲು. ಯಾವುದನ್ನು ಕೊಂಡರೂ ಒಂದೇ ದೊಡ್ಡ ಯಂತ್ರ ಬೇಡ. ಮೂರು ಯಂತ್ರಗಳಿದ್ದು, ಯಾವ ಎರಡಾದರೂ ಪೂರ್ತಿ ಹೊರೆ ಹೊರುವಂತಿರಲಿ.

ತಂಪು ಗಾಳಿ ನಡುದಾರಿಯಲ್ಲಿ ಸುಳಿದರೆ ಸಾಲದು, ಪ್ರತಿ ಅಂತಸ್ತಿನ ಒಳಗೂ ಹೋಗಬೇಕು. ಟಿಶ್ಯೂ ಕಾಗದದ ಒಂದು ಪಟ್ಟಿ ಹರಿದು ರ‍್ಯಾಕಿನ ನಟ್ಟನಡುವೆ ಎಲೆಗಳ ಮೇಲೆ ಹಿಡಿದು ನೋಡಿ. ಅದು ಅಲುಗದಿದ್ದರೆ ಅಲ್ಲಿನ ಗಿಡದ ಎಳೆಯ ಎಲೆಗಳು ಆವಿ ಬಿಡಲಾರವು, ಆವಿಯ ಹರಿವಿನೊಂದಿಗೆ ಬರಬೇಕಾದ ಕ್ಯಾಲ್ಸಿಯಂ ಬರಲಾರದು, ಗೊಬ್ಬರದ ನೀರು ಸರಿಯಿದ್ದರೂ ಲೆಟ್ಯೂಸಿನ ಒಳಎಲೆಗಳ ಅಂಚು ಸುಟ್ಟಂತೆ ಕಂದಾಗುತ್ತದೆ. ಬಟ್ಟೆಯ ಡಕ್ಟ್ ಇಲ್ಲವೇ ಅಂತಸ್ತಿಗೊಂದರಂತೆ ಸಣ್ಣ ಫ್ಯಾನುಗಳ ವೆಚ್ಚವನ್ನು ಎಸಿಯ ಬಜೆಟ್ಟಿನಲ್ಲೇ ಸೇರಿಸಿ.

ಕರೆಂಟ್ ಹೋಗುವುದನ್ನೂ, ಎಸಿ ಕೆಟ್ಟು ನಿಲ್ಲುವುದನ್ನೂ ಈಗಲೇ ಯೋಚಿಸಬೇಕು. ಎಸಿ ನಿಂತು ದೀಪ ಉರಿಯುತ್ತಿದ್ದರೆ, 2,000 ಘನ ಮೀಟರಿನ ಕೋಣೆಯ ಗಾಳಿಯೊಂದನ್ನೇ ಹಿಡಿದು ಲೆಕ್ಕ ಹಾಕಿದರೂ ಅರ್ಧ ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. ಗೋಡೆ, ತೊಟ್ಟಿಯ ನೀರು ಸ್ವಲ್ಪ ತಡೆದಾವು, ಬಹಳ ಹೊತ್ತಲ್ಲ. ಉಷ್ಣಾಂಶ 30 ಡಿಗ್ರಿ ದಾಟಿದೊಡನೆ ದೀಪಗಳು ತಾವಾಗಿ ಆರುವ ವ್ಯವಸ್ಥೆ ಇರಲೇಬೇಕು. ಜನರೇಟರಿಗೆ ಮೊದಲು ಪಂಪು ಮತ್ತು ಫ್ಯಾನು, ಆಮೇಲೆ ಎಸಿ, ಕೊನೆಗೆ ದೀಪ ಎಂಬ ಕ್ರಮ ಹಾಕಿಸಿ.

ಕೊನೆಯ ಕಂತಿನ ಹಣ ಕೊಡುವುದನ್ನು ಕೋಣೆ ತುಂಬ ಬಲಿತ ಬೆಳೆ ಇರುವ ದಿನದವರೆಗೆ ತಡೆಹಿಡಿಯುವಂತೆ ಒಪ್ಪಂದ ಬರೆಸಿ. ಆ ದಿನ ಎಲ್ಲ ದೀಪಗಳೂ ಉರಿಯುತ್ತಿರುವಾಗ, ಎಸಿಗಳ ನೀರು ಹೊರಬರುವ ಕೊಳವೆಯ ಬಾಯಿಗೆ ಹತ್ತು ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿ. ಗಂಟೆಗೆ 62 ಲೀಟರ್ ತೆಗೆಯುತ್ತಿದ್ದರೆ ಅದು ಹತ್ತು ನಿಮಿಷದೊಳಗೆ ತುಂಬಬೇಕು. ಇಪ್ಪತ್ತು ನಿಮಿಷ ಹಿಡಿದರೆ, ಒಂದೋ ಗಾಳಿ ತೇವದಿಂದ ತುಂಬಿ ಗಿಡಗಳು ಆವಿ ಬಿಡಲಾರದೆ ನಿಂತಿವೆ, ಇಲ್ಲವೇ ಆ ನೀರು ಪ್ಯಾನೆಲ್ಲಿನ ಸಂದಿಗಳಲ್ಲಿ ಇಳಿಯುತ್ತಿದೆ. ಬಕೆಟ್ಟಿನ ನೀರನ್ನು ಚೆಲ್ಲಬೇಡಿ. ತಾಮ್ರ, ಸತುಗಳ ಅಂಶವಿದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ, ಸೋಸಿ, ಗೊಬ್ಬರದ ತೊಟ್ಟಿಗೆ ಹಿಂತಿರುಗಿಸಬಹುದು.