ಎಐ ಬರೆದ ಧಾರಣೆ ಪುಟವನ್ನು ನಾನು ಹೇಗೆ ಪರೀಕ್ಷಿಸುತ್ತೇನೆ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಮಾರುಕಟ್ಟೆ ಧಾರಣೆಗೆ ನಾನೊಂದು ವೆಬ್‌ಸೈಟ್ ನಡೆಸುತ್ತೇನೆ. ದಾವಣಗೆರೆಯ ಮೆಕ್ಕೆಜೋಳ, ಚನ್ನಗಿರಿಯ ಅಡಿಕೆ, ಚಳ್ಳಕೆರೆಯ ಶೇಂಗಾ, ಹೀಗೆ ಒಂದೊಂದಕ್ಕೂ ದಿನಾ ಒಂದು ಪುಟ. ಅಂಕಿ ಬರುವುದು ದಿನದ ಬೆಲೆ ಪಟ್ಟಿಯಿಂದ, ವಾಕ್ಯ ಬರೆಯುವುದು ಎಐ. ಪುಟ ಹೊರಗೆ ಹೋಗಬೇಕೋ ಬೇಡವೋ ಅಂತ ತೀರ್ಮಾನಿಸುವುದು ನನ್ನ ಕೆಲಸ.

ಮೊದಲು ಅಂಕಿಯನ್ನೇ ನೋಡುತ್ತೇನೆ. ಅಂಕಿಯೇ ಕೆಟ್ಟಿದ್ದರೆ ವಾಕ್ಯ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ? ಸರಾಸರಿ ಬೆಲೆ ಕನಿಷ್ಠ, ಗರಿಷ್ಠಗಳ ಒಳಗೇ ಇರಬೇಕು. ಮೆಕ್ಕೆಜೋಳಕ್ಕೆ 2025–26ರ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ 2,400 ರೂಪಾಯಿ. ಪಟ್ಟಿಯಲ್ಲಿ 21,500 ಅಂತ ಬಂದರೆ ಒಂದು ಸೊನ್ನೆ ಜಾಸ್ತಿ ಬಿದ್ದಿದೆ ಅಂತಲೇ ಲೆಕ್ಕ. ಅದೇ ಮಿತಿಯನ್ನು ರಾಶಿ ಅಡಿಕೆಗೆ (ಅಡಿಕೆಯಲ್ಲಿ ಒಂದು ಬಗೆ) ಹಾಕಲಾಗದು, ಅದರ ಧಾರಣೆ ಓಡಾಡುವುದೇ ಹತ್ತಾರು ಸಾವಿರದಲ್ಲಿ. ಹಾಗಾಗಿ ಪ್ರತಿ ಬೆಳೆಗೂ ಬೇರೆ ಮಿತಿ ಇಟ್ಟಿದ್ದೇನೆ.

ಆವಕ ಇಲ್ಲದ ದಿನ, ಅಂದರೆ ಮಾರುಕಟ್ಟೆಗೆ ಮಾಲೇ ಬಾರದ ದಿನ, ತುಂಬಾ ಎಚ್ಚರ ಬೇಕು. ಪಟ್ಟಿಯಲ್ಲಿ ಸೊನ್ನೆ ಇದ್ದರೆ ಎಐ ‘ಬೆಲೆ ಪಾತಾಳಕ್ಕೆ ಕುಸಿದಿದೆ’ ಅಂತ ಬರೆದುಬಿಡುತ್ತದೆ. ಖಾಲಿ ಬಿಟ್ಟಿದ್ದರೆ ‘ಬೆಲೆ ಸ್ಥಿರವಾಗಿದೆ’ ಅನ್ನುತ್ತದೆ. ಎರಡೂ ಸುಳ್ಳು. ಅಂಥ ದಿನ ಎಐಗೆ ಕೆಲಸವನ್ನೇ ಕೊಡುವುದಿಲ್ಲ. ‘ಇಂದು ವ್ಯಾಪಾರ ನಡೆದಿಲ್ಲ’ ಅನ್ನುವ ಒಂದೇ ಸಾಲು ಹೋಗುತ್ತದೆ.

ಆಮೇಲೆ ವಾಕ್ಯಗಳ ಸರದಿ. ಪುಟದಲ್ಲಿರುವ ಪ್ರತಿ ಅಂಕಿಯನ್ನೂ ಪ್ರೋಗ್ರಾಂ ವಾಪಸ್ ಪಟ್ಟಿಯಲ್ಲಿ ಹುಡುಕುತ್ತದೆ. ಸಿಗದಿದ್ದರೆ ಪುಟ ನಿಲ್ಲುತ್ತದೆ. ‘ಇಂದಾಗಿ’, ‘ಕಾರಣ’, ‘ನಿರೀಕ್ಷೆ’ ಇಂಥ ಪದ ಕಂಡರೂ ನಿಲ್ಲುತ್ತದೆ. ಪಟ್ಟಿಯಲ್ಲಿ ಬರೀ ಬೆಲೆ ಇರುವಾಗ ‘ಮಳೆಯಿಂದಾಗಿ ಧಾರಣೆ ಏರಿದೆ’ ಅಂತ ಎಐಗೆ ಹೇಗೆ ಗೊತ್ತಾಯಿತು? ಸುಮ್ನೆ ಹೊಸೆದಿದ್ದು, ಅಷ್ಟೇ. ನನ್ನ ಮಟ್ಟಿಗೆ ಇದು ತಪ್ಪು ಅಂಕಿಗಿಂತ ಅಪಾಯ. ಅಂಕಿ ತಪ್ಪಾದರೆ ಓದುವವರಿಗೆ ಅನುಮಾನವಾದರೂ ಬರುತ್ತದೆ, ಕಾರಣವನ್ನು ಎಲ್ಲರೂ ನಂಬುತ್ತಾರೆ.

ಊರಿನ ಹೆಸರುಗಳಿಗೆ ನಾನೇ ಮಾಡಿದ ಪಟ್ಟಿ ಇದೆ. ಹರಪನಹಳ್ಳಿ 2018ರಲ್ಲೇ ದಾವಣಗೆರೆ ಜಿಲ್ಲೆಯಿಂದ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಎಐ ಮಾತ್ರ ಆಗಾಗ ಅದನ್ನು ನಮ್ಮ ಜಿಲ್ಲೆಗೇ ಸೇರಿಸುತ್ತದೆ. ಪ್ರತ್ಯಯ ಸೇರಿದಾಗ ಹೆಸರು ತಪ್ಪಬಾರದು ಅಂತ ದಾವಣಗೆರೆಯಲ್ಲಿ, ಚಿತ್ರದುರ್ಗದಲ್ಲಿ, ಹಿರಿಯೂರಿನಲ್ಲಿ ಅನ್ನುವ ರೂಪಗಳನ್ನೂ ಅದೇ ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ.

ಇಷ್ಟೆಲ್ಲ ದಾಟಿ ಬಂದ ಪುಟಗಳಲ್ಲೂ ಕೆಲವನ್ನು ದಿನಾ ಓದುತ್ತೇನೆ. ಕೆಲವೊಮ್ಮೆ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಇಟ್ಟಿರುವ ಪರಿಚಯದ ಅಣ್ಣನಿಗೂ ತೋರಿಸುತ್ತೇನೆ. ಸುಗ್ಗಿ ಸಮಯದ ಮೆಕ್ಕೆಜೋಳದ ಒಂದು ಪುಟ ನೋಡಿ ಅವರು, ‘ಹೊಸಾ ಜೋಳ ಕಣಪ್ಪ, ತೇವ ಐತಿ. ರೇಟು ಕಮ್ಮಿ ಆಗೇ ಆಗ್ತೈತಿ. ಅದಕ್ಕೆ ಕುಸಿತ ಅಂತ ಬರದ್ರೆ ರೈತ ಹೆದರಿ ಸಿಕ್ಕ ರೇಟಿಗೆ ಮಾರಿಬಿಡ್ತಾನೆ’ ಅಂದರು. ಅಲ್ಲಿಗೆ ‘ಕುಸಿತ’, ‘ಭಾರಿ ಏರಿಕೆ’ ಎರಡೂ ನಮ್ಮ ಪುಟದಿಂದ ಹೋದವು. ಈಗ ‘ನಿನ್ನೆಗಿಂತ 60 ರೂಪಾಯಿ ಕಡಿಮೆ’ ಅಂತ ಮಾತ್ರ ಬರುತ್ತದೆ.

2024ರ ಮಾರ್ಚ್‌ನಲ್ಲಿ ಗೂಗಲ್ ಕೂಡ ನಿಯಮ ಬಿಗಿ ಮಾಡಿತು. ಹುಡುಕಾಟದಲ್ಲಿ ಮೇಲೆ ಬರಲೆಂದೇ ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿಗಟ್ಟಲೆ ಹಾಕಿದರೆ, ಮನುಷ್ಯ ಬರೆದಿರಲಿ ಯಂತ್ರ ಬರೆದಿರಲಿ, ಅದು ಸ್ಪ್ಯಾಮ್. ನಮ್ಮಲ್ಲಿ ತಡೆಹಿಡಿದ ಪುಟವನ್ನು ಸಂಜೆಯೊಳಗೆ ಯಾರೂ ನೋಡದಿದ್ದರೆ ಅದು ಹೊರಗೆ ಹೋಗುವುದಿಲ್ಲ. ಹಿಂದಿನ ದಿನದ ಧಾರಣೆಯೇ ಉಳಿಯುತ್ತದೆ, ಮೇಲೆ ತಾರೀಖು ದಪ್ಪ ಅಕ್ಷರದಲ್ಲಿರುತ್ತದೆ.